'ನಿಮ್ಮಲ್ಲಿ' ಅಂದರೆ ಎಲ್ಲಿ?

ದೇವರ ರಾಜ್ಯ ನಿಮ್ಮಲ್ಲಿದೆ ಎನ್ನುವ ಬೈಬಲಿನ ವಚನ ಲೂಕ 17:21ನ್ನು ಕನ್ನಡದಲ್ಲಿ ಓದುವವರಿಗೆ ಒಂದು ಅನುಕೂಲವಿದೆ. 'ನಿಮ್ಮಲ್ಲಿ' ಅಂದರೆ ನಿಮ್ಮೊಳಗೆ ಎಂದೂ ಆಗುತ್ತದೆ, ನಿಮ್ಮ ನಡುವೆ ಎಂದೂ ಆಗುತ್ತದೆ. ಗ್ರೀಕ್ ಮೂಲದ 'ಎಂಟೋಸ್' ಬಗ್ಗೆ ಪಂಡಿತರ ಜಗಳವೂ ಇದೇ. ಹೊಸ ಒಡಂಬಡಿಕೆಯಲ್ಲಿ ಆ ಪದ ಇನ್ನೊಂದೇ ಕಡೆ, ಮತ್ತಾಯ 23:26ರಲ್ಲಿ, ಬಟ್ಟಲಿನ ಒಳಭಾಗಕ್ಕೆ ಬಂದಿದೆ. 'ಒಳಗೆ' ಎನ್ನುವವರಿಗೆ ಅದು ಬಲ. ಆದರೆ ಯೇಸು ಮಾತಾಡುತ್ತಿದ್ದುದು ಫರಿಸಾಯರ ಜೊತೆ, ಅಂದರೆ ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದ ಯೆಹೂದಿ ಪಂಥದವರ ಜೊತೆ. ತನ್ನನ್ನು ಒಪ್ಪದವರ ಎದೆಯೊಳಗೇ ರಾಜ್ಯವಿದೆ ಎಂದನೇ? ಪ್ರಶ್ನೆ ನ್ಯಾಯವಾದದ್ದೇ. ಹಾಗಾಗಿ ಇದೊಂದೇ ವಚನದ ಮೇಲೆ ಎಲ್ಲ ಭಾರ ಹಾಕಬಾರದು.

ಹೆಚ್ಚು ದಾರಿ ತಪ್ಪಿಸುವುದು 'ರಾಜ್ಯ'. ಕೇಳಿದ ಕೂಡಲೇ ನಮಗೆ ಗಡಿ, ನಕ್ಷೆ ನೆನಪಾಗುತ್ತವೆ (ನವೆಂಬರ್ 1 ಕೂಡ). ಗ್ರೀಕಿನ 'ಬಸಿಲೇಯ' ಮೊದಲು ಹೇಳುವುದು ಆಳ್ವಿಕೆಯನ್ನು. ಒಳಗೆ ಆಳುತ್ತಿರುವವರು ಯಾರು ಎಂಬುದೇ ಮಾತು.

ಅದಕ್ಕೆ ಗಟ್ಟಿ ಆಧಾರ ಅಪೊಸ್ತಲ ಪೌಲ ರೋಮಿನ ಕ್ರೈಸ್ತರಿಗೆ ಬರೆದ ಪತ್ರ, ರೋಮಾಪುರದವರಿಗೆ 14:17. ಅಲ್ಲಿನ ಸಭೆಯಲ್ಲಿ ಮಾಂಸ ತಿನ್ನುವವರಿಗೂ ಬರೀ ಕಾಯಿಪಲ್ಯ ತಿನ್ನುವವರಿಗೂ ತಕರಾರು. ದೇವರ ರಾಜ್ಯ ತಿನ್ನುವುದು ಕುಡಿಯುವುದಲ್ಲ, ನೀತಿ, ಸಮಾಧಾನ, ಪವಿತ್ರಾತ್ಮನಲ್ಲಿ ಆನಂದ ಎನ್ನುತ್ತಾನೆ ಪೌಲ. ನಾವು ಮೊದಲೆರಡನ್ನು ಹಾರಿ ಮೂರನೆಯದಕ್ಕೆ ಕೈಹಾಕುತ್ತೇವೆ. ಭಾನುವಾರದ ಆರಾಧನೆಯಲ್ಲಿ ಕೀಬೋರ್ಡ್ ಜೊತೆ ಏರಿದ ಆನಂದ ಸೋಮವಾರ ಇಳಿದರೆ ರಾಜ್ಯವೇ ಹೋಯಿತೆಂದು ಗಾಬರಿ. ಆ ಅಧ್ಯಾಯದ ಸಮಾಧಾನವೋ, ಪಂಕ್ತಿಯಲ್ಲಿ ಪಕ್ಕ ಕೂತವನ ಜೊತೆಗಿನದು.

ಒಳಗೆ ಆಳುತ್ತಿರುವುದು ಯಾರೆಂದು ನೋಡಿಕೊಳ್ಳುವ ಅಭ್ಯಾಸಕ್ಕೆ, ಯೇಸುಸಭೆಯನ್ನು (ಜೆಸ್ವಿಟ್) ಸ್ಥಾಪಿಸಿದ 16ನೇ ಶತಮಾನದ ಸಂತ ಇಗ್ನೇಷಿಯಸ್ ಕಲಿಸಿದ ಆತ್ಮಪರಿಶೀಲನೆ ಒಳ್ಳೆಯದು. ರಾತ್ರಿ ಹತ್ತು ಹದಿನೈದು ನಿಮಿಷ ಸಾಕು: ಕೃತಜ್ಞತೆ, ಬೆಳಕಿಗಾಗಿ ಬೇಡಿಕೆ, ದಿನದ ಅವಲೋಕನ, ಕ್ಷಮೆ, ನಾಳೆಯ ನಿರ್ಧಾರ. ಕೆಡುವುದು ಸಾಮಾನ್ಯವಾಗಿ ಮೂರನೆಯದರಲ್ಲಿ. ಅವಲೋಕನ ಪಾಪಗಳ ಪಟ್ಟಿಯಾಗಿ, ಪಟ್ಟಿ ಉದ್ದವಾಗಿ, ವಾರದೊಳಗೆ ಅಭ್ಯಾಸವೇ ನಿಲ್ಲುತ್ತದೆ. ಒಂದೇ ಗಳಿಗೆ ಹಿಡಿಯಿರಿ. ಆಸ್ತಿ ಪಾಲಿನ ವಿಷಯಕ್ಕೆ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ ಅಣ್ಣನಿಗೆ ಕೊಟ್ಟ ಉತ್ತರ ಅನ್ನಿ. ಹೆಬ್ಬೆರಳು ಕಳಿಸುವ ಗುಂಡಿ ಒತ್ತಿದಾಗ ಆಳುತ್ತಿದ್ದದ್ದು ಯಾವುದು? ನ್ಯಾಯವೋ, ನಾಲ್ಕು ಜನರ ಮುಂದೆ ಗೆಲ್ಲಬೇಕೆಂಬ ಹಟವೋ? ಯೇಸು ಕಲಿಸಿದ ಪ್ರಾರ್ಥನೆಯ 'ನಿನ್ನ ರಾಜ್ಯವು ಬರಲಿ' ಎಂಬುದನ್ನು ಅಲ್ಲಿ, ಆ ಒಂದು ಉತ್ತರದ ಮೇಲೆ ಹೇಳಬೇಕು. ಐದನೆಯದೂ 'ಇನ್ನು ಮೇಲೆ ತಾಳ್ಮೆಯಿಂದ ಇರುತ್ತೇನೆ' ಎಂದಾದರೆ ಪ್ರಯೋಜನವಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಅಣ್ಣನಿಗೆ ಫೋನ್, ಗ್ರೂಪಿನಲ್ಲಲ್ಲ.