ಕಾಗದದ ಡಿಸ್ಕವರಿ: ತಲೆ ಕೂತಿತು, ಬೆನ್ನು ಬಾಗಿತು

ಜೂನ್ 7

ಶುರು ಮಾಡಿಯೇಬಿಟ್ಟೆ. '2001: ಎ ಸ್ಪೇಸ್ ಒಡಿಸ್ಸಿ' ಸಿನಿಮಾದ ಡಿಸ್ಕವರಿ ನೌಕೆ, ಬರೀ ಕಾಗದ ಮತ್ತು ಅಂಟಿನಲ್ಲಿ. ಮುಂದೆ ದುಂಡನೆ ತಲೆ, ಹಿಂದೆ ಎಂಜಿನ್, ನಡುವೆ ಉದ್ದಾನುದ್ದ ಬೆನ್ನುಮೂಳೆ. ಪೆನ್ಸಿಲ್ ಚಿತ್ರ ನೋಡಿದ ಮಗಳು "ಗೊದಮೊಟ್ಟೆ" ಅಂದಳು. ತಪ್ಪೇನಿಲ್ಲ ಬಿಡಿ.

ಆ ಉದ್ದಕ್ಕೆ ಕಾರಣ ಇದೆ. ಎಂಜಿನ್ ಪರಮಾಣು ಶಕ್ತಿಯದ್ದು, ಜನ ಅದರಿಂದ ಆದಷ್ಟು ದೂರ ಇರಬೇಕು. 1968ರಲ್ಲಿ ಬಂದ ಈ ಸಿನಿಮಾಕ್ಕಾಗಿ ಇಂಗ್ಲೆಂಡಿನ ಸ್ಟುಡಿಯೋದಲ್ಲಿ 54 ಅಡಿ ಉದ್ದದ ಮಾದರಿ ಕಟ್ಟಿದ್ದರು. ನನ್ನದು 72 ಸೆಂಟಿಮೀಟರ್. ತಲೆಯ ಅಡ್ಡಳತೆ 8, ಬೆನ್ನು 50, ಉಳಿದದ್ದು ಎಂಜಿನ್.

ನಿಜವಾಗಿ ಇಂಥ ನೌಕೆಗೆ ಬಿಸಿ ಹೊರಹಾಕಲು ದೊಡ್ಡ ದೊಡ್ಡ ರೇಡಿಯೇಟರ್ ಹಲಗೆಗಳು ಬೇಕು. ಮೊದಲ ವಿನ್ಯಾಸಗಳಲ್ಲಿ ಇದ್ದವಂತೆ. ಜನ ರೆಕ್ಕೆ ಅಂದುಕೊಳ್ಳುತ್ತಾರೆ ಎಂದು ತೆಗೆದುಹಾಕಿದ್ದನ್ನು ಕಥೆಗಾರ ಆರ್ಥರ್ ಸಿ. ಕ್ಲಾರ್ಕ್ ಹೇಳಿಕೊಂಡಿದ್ದಾರೆ. ನನಗಂತೂ ಹೊಟ್ಟೆ ಉರಿಯಿತು. ಕಾಗದದಲ್ಲಿ ಅದರಷ್ಟು ಸುಲಭದ ಪಾರ್ಟ್ ಬೇರೆ ಇರುತ್ತಿರಲಿಲ್ಲ!

ಟೆಂಪ್ಲೇಟ್, ಅಂದರೆ ಕತ್ತರಿಸಬೇಕಾದ ಆಕಾರಗಳ ನಕ್ಷೆ, ನಾನೇ ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನಲ್ಲಿ ಬಿಡಿಸಿದ್ದು. ಒಟ್ಟು 11 ಹಾಳೆ, 180 ಜಿಎಸ್‌ಎಂ (ಚದರ ಮೀಟರಿಗೆ 180 ಗ್ರಾಂ ತೂಗುವ ದಪ್ಪ ಕಾಗದ).

ಜೂನ್ 10

ಪ್ರಿಂಟ್ ಎಡವಟ್ಟು. ಮೂರು ಹಾಳೆ ಶನಿವಾರ ತೆಗೆಸಿದ್ದೆ, ಉಳಿದದ್ದು ನಿನ್ನೆ. ಜೆರಾಕ್ಸ್ ಅಂಗಡಿಯ ಹುಡುಗ ಎರಡನೇ ಸಲ 'ಫಿಟ್ ಟು ಪೇಜ್' ಒತ್ತಿದ್ದಾನೆ. ಹಾಳೆಯ ಮೂಲೆಯಲ್ಲಿ ನಾನು ಹಾಕಿದ್ದ 10 ಸೆಂ.ಮೀ. ಗೆರೆ 9.6 ಬಂದಿದೆ. ಇಷ್ಟೇ ತಾನೇ ಅನಿಸಬಹುದು. ಆದರೆ ಗೋಳದ ನಡುವಿನ ಸುತ್ತಳತೆ 25 ಸೆಂ.ಮೀ. ಅಲ್ವಾ? ಅಲ್ಲಿ ಬರೋಬ್ಬರಿ ಒಂದು ಸೆಂಟಿಮೀಟರ್ ಕಮ್ಮಿ. ಎಂಟು ಹಾಳೆ ಮತ್ತೆ ತೆಗೆಸಿದೆ.

ಜೂನ್ 21

ತಲೆ ಮುಗಿಯಿತು. ಎರಡನೇ ಪ್ರಯತ್ನಕ್ಕೆ.

ಕಾಗದಕ್ಕೂ ಗೋಳಕ್ಕೂ ಹುಟ್ಟಿನಿಂದಲೇ ಆಗಿಬರುವುದಿಲ್ಲ. ಕಾಗದ ಒಂದು ಕಡೆಗೆ ಬಾಗುತ್ತದೆ, ಒಟ್ಟೊಟ್ಟಿಗೆ ಎರಡು ಕಡೆಗೆ ಬಾಗು ಅಂದರೆ ಸುಕ್ಕಾಗುತ್ತದೆ. ತೆಂಗಿನಕಾಯಿಗೆ ಗಿಫ್ಟ್ ಪೇಪರ್ ಸುತ್ತಿ ನೋಡಿ, ಗೊತ್ತಾಗುತ್ತದೆ. ಹಿಗ್ಗಿಸದೆ, ಹರಿಯದೆ ಇದು ಆಗದ ಕೆಲಸ ಎಂದು ಗಣಿತಜ್ಞ ಗೌಸ್ 1827ರಲ್ಲೇ ಲೆಕ್ಕ ಹಾಕಿ ತೋರಿಸಿದ್ದ. ಹಾಗಾಗಿ ಮೋಸ ಮಾಡಲೇಬೇಕು. ಯಾವ ಥರದ ಮೋಸ ಅನ್ನುವುದಷ್ಟೇ ನಮ್ಮ ಕೈಲಿರುವುದು.

ಮೊದಲು ಮೂಸಂಬಿ ತೊಳೆಗಳ ಹಾಗೆ 12 ಎಸಳು ಕತ್ತರಿಸಿದೆ. ಒಂದೊಂದೂ 12.6 ಸೆಂ.ಮೀ. ಉದ್ದ, ಹೊಟ್ಟೆಯ ಹತ್ತಿರ 2.1 ಅಗಲ. ತುದಿಗಳಲ್ಲಿ 12 ಚೂಪುಗಳು ಒಂದೇ ಚುಕ್ಕಿಗೆ ಸೇರಬೇಕು. ಸೇರಲಿಲ್ಲ. ಮೂಗಿನ ತುದಿಯಲ್ಲಿ ಅಂಟಿನ ಗುಡ್ಡೆಯಾಯಿತು. ದೂರದಿಂದ ನೋಡಿದರೆ ನೌಕೆಯಲ್ಲ, ಕರಬೂಜ.

ಆಮೇಲೆ ಅಡ್ಡಡ್ಡ ಕತ್ತರಿಸಿದೆ. ಒಂದರ ಮೇಲೊಂದು ಎಂಟು ಪಟ್ಟಿ, ಪ್ರತಿಯೊಂದೂ ಶಂಕುವಿನ ತುಂಡು. ಪಟ್ಟಿಯನ್ನು ಅಂಗೈ ಮೇಲಿಟ್ಟು ಚಮಚದ ಬೆನ್ನಿಂದ ಉಜ್ಜಿದರೆ ತಾನಾಗಿಯೇ ಸುರುಳಿಯಾಗುತ್ತದೆ. ಅಂಟು ಹಚ್ಚಲು ಅಂಚಿನಲ್ಲಿ ಬಿಡುವ ಟ್ಯಾಬ್ ಬಿಡಲಿಲ್ಲ, ಬಿಟ್ಟರೆ ಹೊರಗೆ ಉಬ್ಬು ಕಾಣುತ್ತದೆ. ಬದಲಿಗೆ ಒಳಗಿಂದ ತೆಳು ಪಟ್ಟಿ ಕೊಟ್ಟು ಅಂಚಿಗೆ ಅಂಚು ಕೂರಿಸಿದೆ. ಆಕಾರ ಬಿಡದಂತೆ ಒಳಗೆ ದುಂಡನೆ ಬಿಲ್ಲೆಗಳು. ಅವು ಹಳೆಯ ಲಗ್ನಪತ್ರಿಕೆಗಳಿಂದ ಬಂದವು. ಅಷ್ಟು ಗಟ್ಟಿ ರಟ್ಟು ದುಡ್ಡು ಕೊಟ್ಟರೂ ಸಿಗುವುದಿಲ್ಲ. ಯಾರದ್ದೋ "ಚಿ. ಸೌ." ಈಗ ನೌಕೆಯ ಒಳಗೆ ಗುರುಗ್ರಹಕ್ಕೆ ಹೊರಟಿದ್ದಾಳೆ.

ಇದರಲ್ಲಿ ಒಂದು ಲಾಭ ಕಂಡೆ. ಸಿನಿಮಾದ ಗೋಳದ ಮೈಮೇಲೂ ತಗಡಿನ ಸಂದುಗಳಿವೆ. ನನ್ನ ಅಂಟಿನ ಸಂದು ಅದರಲ್ಲೇ ಒಂದಾಗಿಹೋಯಿತು. ಕತ್ತರಿಸಿದ ಬಿಳಿ ಅಂಚಿಗೆಲ್ಲ ಬೂದು ಸ್ಕೆಚ್ ಪೆನ್ ಹಚ್ಚಿದೆ. ಇದನ್ನು ಮಾಡದಿದ್ದರೆ ಉಳಿದ ಕೆಲಸವೆಲ್ಲ ದಂಡ. ಮುಂದಿನ ಮೂರು ಬಾಗಿಲುಗಳನ್ನು ಕೊರೆದು ಅರ್ಧ ಮಿಲಿಮೀಟರ್ ಒಳಕ್ಕೆ ತಳ್ಳಿ ಅಂಟಿಸಿದೆ, ನೆರಳು ಬಿದ್ದರೆ ಚೆನ್ನಾಗಿ ಕಾಣುತ್ತದೆ.

ಜೂನ್ 29

ಬೆನ್ನುಮೂಳೆ. ಇದನ್ನು ನಾನು ಲೆಕ್ಕಕ್ಕೇ ತಗೊಂಡಿರಲಿಲ್ಲ. ಒಂದು ಚೌಕದ ಕೊಳವೆ, ಅದಕ್ಕೆ 36 ಪುಟ್ಟ ಡಬ್ಬಿ. ಸುಮ್ನೆ ಕೂತು ಮಡಚುವುದು ತಾನೇ? ಖಾಲಿ ರೀಫಿಲ್‌ನಿಂದ ಗೆರೆ ಎಳೆ, ಮಡಚು, ಅಂಟಿಸು. ವಾರ ಪೂರ್ತಿ ರಾತ್ರಿ ಅದೇ ಕೆಲಸ. ನಿನ್ನೆ ಒಂದೇ ಸಲಕ್ಕೆ ಮೇಲ್ಭಾಗದ ಡಬ್ಬಿಗಳನ್ನೆಲ್ಲ ಅಂಟಿಸಿ ಮಲಗಿದೆ.

ಬೆಳಗ್ಗೆ ನೋಡಿದರೆ ಬಿಲ್ಲು! ನೆಲದ ಟೈಲ್ಸ್ ಸಂದಿನ ಮೇಲಿಟ್ಟು, ಬಡಗಿ ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ನೋಡಿದೆ. ಎರಡೂ ತುದಿ ಮೇಲೆದ್ದಿವೆ, 9 ಮಿಲಿಮೀಟರ್. ಅಕ್ಕಿ ಡಬ್ಬ ಹೇರಿದೆ. ಡಬ್ಬ ತೆಗೆದ ಮೇಲೆ ಮತ್ತೆ ಮೆಲ್ಲಗೆ ಎದ್ದುಕೊಂಡಿತು.

ಕಾರಣ ಯೋಚಿಸಿದರೆ ನನ್ನದೇ ತಪ್ಪು. ಅಂಟಿನಲ್ಲಿ ನೀರಿದೆ. ಅಂಟಿಸಿದ ಕಡೆ ಕಾಗದ ಮೊದಲು ಹಿಗ್ಗುತ್ತದೆ, ಒಣಗುವಾಗ ಎಳೆದುಕೊಳ್ಳುತ್ತದೆ. ಒಂದೇ ಬದಿಗೆ ಅಷ್ಟೂ ಅಂಟು ಬಿದ್ದರೆ ಅತ್ತ ಬಾಗದೆ ಏನು ಮಾಡೀತು? ಜೊತೆಗೆ ಮಲೆನಾಡಿನ ನಮ್ಮೂರು ಸಾಗರದ ಜೂನ್ ಮಳೆ. ಗೋಡೆಯೇ ಬೆವರುವಾಗ ಕಾಗದದ ಪಾಡೇನು.

ಅಪ್ಪ ಮುರಿದ ಕೊಡೆಯ ಕಡ್ಡಿ ತಂದುಕೊಟ್ಟರು. "ಒಳಗೆ ತೂರಿಸು, ಯಾರಿಗೆ ಕಾಣುತ್ತೆ?" ಅಂದರು. ಆಸೆ ಆಯಿತು. ಆದರೆ ಕಾಗದದ ನೌಕೆ ಅಂತ ಹೇಳಿಕೊಂಡು ಹೊಟ್ಟೆಯೊಳಗೆ ಕಬ್ಬಿಣ ಇಡುವುದು ನನಗೆ ಒಗ್ಗಲಿಲ್ಲ. ಕೊಡೆ ಕಡ್ಡಿ ಇನ್ನೂ ಮೇಜಿನ ಮೇಲೇ ಇದೆ, ಅಣಕಿಸುತ್ತಾ.

ಜುಲೈ 13

ಬೆನ್ನು ಪೂರ್ತಿ ಹೊಸದು.

ಈ ಸಲ ಕಾಗದದ ನಾರು ನೋಡಿದೆ. ಮರಕ್ಕೆ ಇರುವ ಹಾಗೆ ಕಾಗದಕ್ಕೂ ನಾರಿನ ದಿಕ್ಕಿದೆ. ಹಾಳೆಯನ್ನು ಎರಡೂ ಕಡೆಯಿಂದ ಮೆಲ್ಲಗೆ ಬಾಗಿಸಿದರೆ ಒಂದು ಕಡೆ ಸಲೀಸಾಗಿ ಬಾಗುತ್ತದೆ, ಇನ್ನೊಂದು ಕಡೆ ತಡೆಯುತ್ತದೆ. ಸಲೀಸಾಗಿ ಬಾಗಿದಾಗ ಮಡಿಕೆ ಯಾವ ದಿಕ್ಕಿಗಿದೆಯೋ ನಾರೂ ಅದೇ ದಿಕ್ಕಿಗೆ. ನೀರು ತಾಗಿದರೆ ಕಾಗದ ಹಿಗ್ಗುವುದು ನಾರಿಗೆ ಅಡ್ಡವಾಗಿ, ಉದ್ದಕ್ಕೆ ತೀರಾ ಕಮ್ಮಿ. ನನ್ನ ಹಳೆ ಕೊಳವೆಯ ತುಂಡುಗಳನ್ನು ಹಾಳೆ ಉಳಿಸಲು ಅಡ್ಡಡ್ಡ ಕತ್ತರಿಸಿದ್ದೆ. ಜುಗ್ಗತನ ಮಾಡಿದ್ದಕ್ಕೆ ಸರಿಯಾಗಿ ಅನುಭವಿಸಿದೆ.

ಈಗ ನಾರು ಉದ್ದಕ್ಕೆ ಬರುವಂತೆ ಇಟ್ಟು, ಸೈಕಲ್ ಕಡ್ಡಿಗೆ ಬಿಗಿಯಾಗಿ ಸುತ್ತಿ, ಕಡ್ಡಿ ಎಳೆದುಕೊಂಡೆ. ಹೀಗೆ ಮೂರು ಕೊಳವೆ, ಒಂದಕ್ಕೊಂದು ಅಂಟಿಸಿ ತ್ರಿಕೋನ. ಎ4 ಹಾಳೆ 29.7 ಸೆಂ.ಮೀ. ಮಾತ್ರ ಇರುವುದರಿಂದ ನಡುವೆ ಜೋಡಣೆ ತಪ್ಪಿದ್ದಲ್ಲ. ಇಟ್ಟಿಗೆ ಗೋಡೆಯಲ್ಲಿ ಸಂದಿನ ಮೇಲೆ ಸಂದು ಬರಬಾರದು ಅಂತಾರಲ್ಲ, ಹಾಗೆ ಮೂರರ ಜೋಡಣೆಯನ್ನೂ ಬೇರೆ ಬೇರೆ ಕಡೆ ಹಾಕಿದೆ. ಡಬ್ಬಿಗಳನ್ನು ದಿನಕ್ಕೆ ಆರರಂತೆ, ಎದುರುಬದುರು ಬದಿಗೆ, ಹಲ್ಲುಕಡ್ಡಿಯ ತುದಿಯಲ್ಲಿ ಅಂಟು ಮುಟ್ಟಿಸಿ ಕೂರಿಸಿದೆ. ಬಿಡಿ ಪಾರ್ಟ್‌ಗಳು ಈಗ ಹಪ್ಪಳದ ಡಬ್ಬದಲ್ಲಿ. ಮನೆಯಲ್ಲಿ ಮಳೆಗಾಲಕ್ಕೆ ಬಗ್ಗದ ಜಾಗ ಅದೊಂದೇ. ಹಪ್ಪಳ ಎಲ್ಲಿಗೆ ಹೋಯಿತು ಅಂತ ಕೇಳಬೇಡಿ.

ಇವತ್ತು ಬೆಳಗ್ಗೆ ಮತ್ತೆ ಟೈಲ್ಸ್ ಸಂದಿನ ಮೇಲಿಟ್ಟೆ. ಒಂದು ತುದಿಯಲ್ಲಿ ಒಂದು ಕೂದಲಷ್ಟು ಬೆಳಕು ಕಾಣುತ್ತದೆ, ಅಷ್ಟೇ.

ಉಳಿದಿರುವುದು ಮೂರು ಡಿಶ್ ಆಂಟೆನಾ ಮತ್ತು ಎಂಜಿನ್ನಿನ ಆರು ಷಟ್ಕೋನದ ಬಾಯಿಗಳು. ಒಂದು ಬಾಯಿ ಮಾಡಿ ನೋಡಿದೆ, ಆರು ಮೂಲೆಯಲ್ಲಿ ಐದು ಕೂಡಿದವು.