ಬಿದ್ದವರ ಹೆಸರಿನ ತಿರುವುಗಳು

ಮೊದಲು ಸದ್ದು ಕೇಳಿಸುತ್ತದೆ. ಆಮೇಲೆ ಮನುಷ್ಯ ಕಾಣುತ್ತಾನೆ.

ನಾನೂ ನನ್ನ ತಮ್ಮನೂ ಹುಂಡ್‌ಶೋಪ್ಫ್ ಅನ್ನುವ ಬಂಡೆಯ ಕೆಳಗೆ, ರಕ್ಷಣೆಯ ಬಲೆಯ ಈಚೆ, ಮಂಡಿವರೆಗಿನ ಹಿಮದಲ್ಲಿ ನಿಂತಿದ್ದೆವು. ಮೇಲಿನಿಂದ ಕರಕರ ಸದ್ದು ಬಂತು, ಗಾಜಿನ ಮೇಲೆ ಯಾರೋ ಚಾಕು ಎಳೆದ ಹಾಗೆ. ಎರಡು ಬಂಡೆಗಳ ನಡುವೆ ಒಂದು ಕಿಂಡಿ. ಆ ಕಿಂಡಿಯಿಂದ ಒಬ್ಬ ಹುಡುಗ ಗಾಳಿಗೆ ಹಾರಿದ. ಮಂಡಿಗಳನ್ನು ಎದೆಯ ಹತ್ತಿರ ಮಡಚಿಕೊಂಡಿದ್ದ. ಕಾಲಿಗೆ ಕಟ್ಟಿದ ಸ್ಕೀ ಹಲಗೆಗಳ ತಳ ಒಂದು ಕ್ಷಣ ನಮಗೆ ಪೂರ್ತಿ ಕಾಣಿಸಿತು. ಗೋಡೆಯಂಥ ಇಳಿಜಾರಿನ ಮೇಲೆ ಧೊಪ್ಪನೆ ಇಳಿದವನು ನಾನು ಉಸಿರು ಬಿಡುವಷ್ಟರಲ್ಲಿ ಮುಂದಿನ ತಿರುವಿನಲ್ಲಿದ್ದ. ಸುತ್ತಲಿನ ಜನ ಹಸುವಿನ ಕೊರಳಿಗೆ ಕಟ್ಟುವಂಥ ದೊಡ್ಡ ಗಂಟೆಗಳನ್ನು ಎರಡೂ ಕೈಯಲ್ಲಿ ಹಿಡಿದು ಬಾರಿಸುತ್ತಿದ್ದರು.

"ಅಕ್ಕಾ, ಇದು ಬರೀ ಟ್ರೇನಿಂಗ್. ರೇಸ್ ಶನಿವಾರ" ಅಂದ ತಮ್ಮ.

ಸ್ವಿಟ್ಜರ್‌ಲೆಂಡಿನ ವೆಂಗೆನ್‌ಗೆ ನಾವು ಹೋಗಿದ್ದು ಜನವರಿ ಮಧ್ಯದಲ್ಲಿ, ಹನ್ನೆರಡು ದಿನಕ್ಕೆ. ಆ ಊರಿಗೆ ಕಾರು ಹೋಗುವುದಿಲ್ಲ. ಲೌಟರ್‌ಬ್ರುನ್ನೆನ್ ಕಣಿವೆಯಿಂದ ಏರಿನಲ್ಲಿ ಜಾರದಂತೆ ಹಲ್ಲುಗಳಿರುವ ಹಳಿಯ ರೈಲು ಹತ್ತಬೇಕು. 1893ರಿಂದ ಓಡುತ್ತಿರುವ ರೈಲು ಅದು. ವೆಂಗೆನ್ ದಾಟಿ 2,061 ಮೀಟರ್ ಎತ್ತರದ ಕ್ಲೈನೆ ಶೈಡೆಕ್‌ಗೆ ಏರುತ್ತದೆ. ಅಲ್ಲಿ ಇಳಿದು ತಲೆ ಎತ್ತಿದರೆ ಎದುರಿಗೆ ಐಗರ್ ಶಿಖರದ ಉತ್ತರ ಗೋಡೆ, ಕಪ್ಪಗೆ. 1938ರವರೆಗೆ ಆ ಗೋಡೆಯನ್ನು ಯಾರೂ ಹತ್ತಿರಲಿಲ್ಲ. ಅದರ ನೆರಳಲ್ಲಿ ನಾಲ್ಕು ವರ್ಷದ ಮಕ್ಕಳು ಸ್ಕೀ ಕಲಿಯುತ್ತಿರುತ್ತಾರೆ. ಕೈಯಲ್ಲಿ ಕೋಲಿಲ್ಲ. ತಲೆಗಿಂತ ದೊಡ್ಡದಾಗಿ ಕಾಣುವ ಹೆಲ್ಮೆಟ್. "ಪಿಜ್ಜಾ! ಪಿಜ್ಜಾ!" ಎಂದು ಟೀಚರ್ ಕೂಗಿದರೆ ಮಕ್ಕಳು ಸ್ಕೀಗಳ ಮುಂದಿನ ತುದಿ ಹತ್ತಿರ ತಂದು ತ್ರಿಕೋನ ಮಾಡುತ್ತಾರೆ. ವೇಗ ಇಳಿಯುತ್ತದೆ. ಸ್ಕೀ ಕಲಿಯುವ ಯಾರಿಗೇ ಆಗಲಿ ಮೊದಲ ಬ್ರೇಕ್ ಅದೇ. ನಾನೂ ಅಲ್ಲಿಂದಲೇ ಶುರು ಮಾಡಿದವಳು. ಈಗ ನೀಲಿ ಗುರುತಿನ ಸುಲಭದ ಇಳಿಜಾರುಗಳನ್ನು ನೆಮ್ಮದಿಯಾಗಿ ಇಳಿಯುತ್ತೇನೆ. ಕೆಂಪಾದರೆ ನೋಡಿಕೊಂಡು. ಕಪ್ಪು ಗುರುತಿನ ಕಡೆ ಹೋಗುವುದಿಲ್ಲ.

ತಮ್ಮ ಹೇಳಿದ ಶನಿವಾರದ ರೇಸ್ ಅಂದರೆ ಲೌಬರ್‌ಹಾರ್ನ್ ರೇಸ್. ಅದು 1930ರಲ್ಲಿ ಶುರುವಾಯಿತು. ಸ್ಕೀ ವಿಶ್ವಕಪ್‌ನ ಇಳಿಜಾರು ಓಟಗಳಲ್ಲಿ ಇದಕ್ಕಿಂತ ಉದ್ದದ್ದು ಇನ್ನೊಂದಿಲ್ಲ. ಸುಮಾರು ನಾಲ್ಕೂವರೆ ಕಿ.ಮೀ. ದಾರಿ, ಸಾವಿರ ಮೀಟರಿಗೂ ಜಾಸ್ತಿ ಇಳಿತ, ಎರಡೂವರೆ ನಿಮಿಷ. ಬೇರೆ ಕಡೆ ಎರಡು ನಿಮಿಷದ ಒಳಗೇ ಮುಗಿಯುವ ಕೆಲಸ. ಆ ಕೊನೆಯ ಅರ್ಧ ನಿಮಿಷದಲ್ಲಿ ತೊಡೆಗಳು ಮಾತು ಕೇಳುವುದಿಲ್ಲ ಅಂತ ತಮ್ಮ ಹೇಳಿದ. ಮಧ್ಯದಲ್ಲಿ ಒಂದು ಜಾಗದಲ್ಲಿ ಸ್ಪರ್ಧಿಗಳು ನಾವು ಬಂದ ಅದೇ ರೈಲಿನ ಹಳಿಯ ಕೆಳಗೆ, ಸಣ್ಣ ಸುರಂಗದಂಥ ಸೇತುವೆಯಡಿ ನುಗ್ಗಿ ಹೋಗುತ್ತಾರೆ.

ವೇಗದ ಬಗ್ಗೆ ಒಂದು ಲೆಕ್ಕ ಹೇಳುತ್ತೇನೆ. 2013ರಲ್ಲಿ ಫ್ರಾನ್ಸಿನ ಯೋಹಾನ್ ಕ್ಲಾರೆ ಇಲ್ಲಿನ ನೇರ ಓಟದ ಜಾಗದಲ್ಲಿ ಗಂಟೆಗೆ 161.9 ಕಿ.ಮೀ. ಮುಟ್ಟಿದ. ಸುತ್ತ ಗಾಡಿಯಿಲ್ಲ, ಸೀಟ್ ಬೆಲ್ಟ್ ಇಲ್ಲ. ಮೈಗೆ ಅಂಟಿದ ತೆಳು ಸೂಟು, ಹೆಲ್ಮೆಟ್ಟು, ಎರಡು ಹಲಗೆ.

ಆದರೆ ನನ್ನ ಮನಸ್ಸಿನಲ್ಲಿ ಉಳಿದಿದ್ದು ವೇಗವಲ್ಲ, ಹೆಸರುಗಳು. ಈ ದಾರಿಯ ತಿರುವುಗಳಿಗೆ ಬಿದ್ದವರ ಹೆಸರು ಇಟ್ಟಿದ್ದಾರೆ! ಹುಂಡ್‌ಶೋಪ್ಫ್ ಅಂದರೆ ನಾಯಿತಲೆ, ಅದು ಬಂಡೆಯ ಹೆಸರು, ಸರಿ. ಅದನ್ನು ದಾಟಿದರೆ ಮಿನ್ಶ್‌ಕಾಂಟೆ. 1965ರಲ್ಲಿ ಯೋಸ್ ಮಿನ್ಶ್ ಬಿದ್ದ ಅಂಚು. ಆಮೇಲೆ ಕೆನಡಿಯನ್ ಕಾರ್ನರ್. 1976ರಲ್ಲಿ ಕೆನಡಾದ ಇಬ್ಬರು ಅಲ್ಲಿ ಹಾರಿ ಬಿದ್ದರು. ಸ್ವಲ್ಪ ಕೆಳಗೆ ಕೆರ್ನೆನ್ ಎಸ್, S ಆಕಾರದ ತಿರುವು. 1997ರಲ್ಲಿ ಬ್ರೂನೋ ಕೆರ್ನೆನ್ ಬಿದ್ದದ್ದು ಅಲ್ಲಿ. ಇನ್ನೂ ಕೆಳಗೆ ಆಸ್ಟ್ರಿಯನ್ನರ ಗುಂಡಿ. 1954ರಲ್ಲಿ ಆಸ್ಟ್ರಿಯಾ ತಂಡದವರು ಒಬ್ಬರಾದ ಮೇಲೊಬ್ಬರು ಅಲ್ಲಿ ಉರುಳಿದರು.

ಗೆದ್ದವರ ಹೆಸರು ಫಲಕದಲ್ಲಿ ಇದ್ದೇ ಇರುತ್ತದೆ. ನೆಲಕ್ಕೆ ಮಾತ್ರ ಬಿದ್ದವರ ಹೆಸರು. ಇದನ್ನು ಅವಮಾನ ಅಂತ ಯಾರೂ ತಿಳಿದ ಹಾಗೆ ಕಾಣಲಿಲ್ಲ. "ಮಿನ್ಶ್‌ನಲ್ಲಿ ಐಸ್ ಜಾಸ್ತಿ ಇದೆ" ಅಂತ ನಮ್ಮ ಪಕ್ಕ ನಿಂತಿದ್ದ ಮುದುಕರೊಬ್ಬರು ಮೊಮ್ಮಗನಿಗೆ ಹೇಳುತ್ತಿದ್ದರು, ನೆಂಟರ ಮನೆ ವಿಷಯ ಹೇಳಿದ ಹಾಗೆ. ಕೆರ್ನೆನ್ 2003ರಲ್ಲಿ ಇದೇ ಇಳಿಜಾರಿನಲ್ಲಿ ಗೆದ್ದ. ತನ್ನ ಹೆಸರಿನ ತಿರುವನ್ನು ದಾಟಿಯೇ ಗೆಲ್ಲಬೇಕಿತ್ತು ಅಲ್ವಾ? ಅದನ್ನು ನೆನೆಸಿಕೊಂಡರೆ ಈಗಲೂ ನನ್ನ ಮೈ ಜುಮ್ಮೆನ್ನುತ್ತದೆ.

ಎಲ್ಲ ಬೀಳುವಿಕೆಯೂ ಹಾಗೆ ಮುಗಿಯಲಿಲ್ಲ. 1991ರಲ್ಲಿ ಆಸ್ಟ್ರಿಯಾದ ಗೆರ್ನೋಟ್ ರೈನ್‌ಶ್ಟಾಡ್ಲರ್, 20 ವರ್ಷದ ಹುಡುಗ, ರೇಸಿಗೆ ಮುಂಚಿನ ಅರ್ಹತಾ ಓಟದಲ್ಲಿ ಗುರಿಗೆ ಸ್ವಲ್ಪ ಮುಂಚೆ ಬಿದ್ದ. ಸ್ಕೀ ರಕ್ಷಣೆಯ ಬಲೆಗೆ ಸಿಕ್ಕಿಕೊಂಡಿತು. ಅವನು ಬದುಕಲಿಲ್ಲ. ಆ ವರ್ಷ ರೇಸ್ ನಡೆಯಲಿಲ್ಲ. ಗುರಿಯ ಹತ್ತಿರ ಬಲೆ ಪಕ್ಕ ನಿಂತಾಗ ನಾನು ಅದನ್ನೇ ನೋಡಿದೆ. ಬಲೆಯ ಕೆಳಭಾಗಕ್ಕೆ ನುಣುಪಾದ ದಪ್ಪ ಹಾಳೆ ಹೊದಿಸಿದ್ದರು, ಸ್ಕೀ ತುದಿ ಒಳಗೆ ತೂರದೆ ಜಾರಿ ಹೋಗಲಿ ಅಂತ. ಕೈಗವಸು ತೆಗೆದು ಮುಟ್ಟಿದೆ. ತಣ್ಣಗೆ, ಬಿಗಿಯಾಗಿ ಇತ್ತು. ಈಗ ಸ್ಪರ್ಧಿಗಳು ಸೂಟಿನ ಒಳಗೆ ಏರ್‌ಬ್ಯಾಗ್ ಹಾಕುತ್ತಾರೆ. ಹತೋಟಿ ತಪ್ಪಿದೆ ಅಂತ ಗೊತ್ತಾದ ಕೂಡಲೇ ಅದು ತಾನಾಗಿ ಉಬ್ಬುತ್ತದೆ. ಇವನ್ನೆಲ್ಲ ಯೋಚಿಸಿ ಮಾಡಿದವರ ಬಗ್ಗೆ ನನಗೆ ತುಂಬಾ ಗೌರವ ಬಂತು.

ಶನಿವಾರದ ರೇಸ್ ನೋಡಿದೆವು. ಹತ್ತಾರು ಸಾವಿರ ಜನ, ಗಂಟೆಗಳ ಗದ್ದಲ, ತಲೆ ಮೇಲೆ ಸ್ವಿಸ್ ವಾಯುಪಡೆಯ ಜೆಟ್‌ಗಳು. ಟ್ರೇನಿಂಗ್ ದಿನ ನಾಯಿತಲೆಯ ಹತ್ತಿರ ನಿಂತು ನೋಡಿದ್ದೇ ನನಗೆ ಹೆಚ್ಚು.

ಮುಂದಿನ ದಿನಗಳಲ್ಲಿ ರೇಸಿನ ಜನ ಖಾಲಿಯಾದರು. ನಾವು ಸುಮ್ನೆ ಸುತ್ತಿದೆವು. ಗ್ರಿಂಡೆಲ್‌ವಾಲ್ಡ್ ಕಡೆ ಒಂದು ವಿಚಿತ್ರ ಗಾಡಿ ನೋಡಿದೆ. ಮರದ ಸೈಕಲ್. ಚಕ್ರದ ಜಾಗದಲ್ಲಿ ಎರಡು ಮರದ ಪಟ್ಟಿ, ಪೆಡಲ್ ಇಲ್ಲ, ಬ್ರೇಕ್ ಇಲ್ಲ. ವೆಲೋಗೆಮೆಲ್ ಅಂತ ಹೆಸರು. 1911ರಲ್ಲಿ ಅದೇ ಊರಿನ ಕ್ರಿಸ್ಟಿಯನ್ ಬ್ಯೂಲ್ಮನ್ ಇದನ್ನು ಮಾಡಿದ್ದು. ಅವನಿಗೆ ಹಿಮದಲ್ಲಿ ನಡೆಯಲು ಕಷ್ಟವಿತ್ತು. ಆಮೇಲೆ ಊರಿನ ಅಂಚೆಯವರೂ ಇದರಲ್ಲೇ ಓಡಾಡಿದರಂತೆ. ನಾನು ನೋಡಿದ ಹೆಂಗಸಿಗೆ ಅರವತ್ತು ದಾಟಿರಬೇಕು. ಬೆನ್ನಿಗೆ ಚೀಲ ಹಾಕಿಕೊಂಡು, ಎರಡೂ ಬೂಟನ್ನು ಹಿಮಕ್ಕೆ ಒತ್ತಿ ಬ್ರೇಕ್ ಹಾಕುತ್ತಾ, ತಿರುವಿನಲ್ಲಿ ನಮಗೆ ತಲೆಯಾಡಿಸಿ ಸರ್ರನೆ ಇಳಿದು ಹೋದರು.

ಮ್ಯೂರೆನ್ ಕಡೆ ಹೋದಾಗ ಆಕಾಶದಲ್ಲಿ ಸ್ಕೀ ಕಂಡಿತು. ಪುಟ್ಟ ಪ್ಯಾರಾಗ್ಲೈಡರ್ ರೆಕ್ಕೆ, ಅದಕ್ಕೆ ಜೋತಾಡುವ ಮನುಷ್ಯ, ಕಾಲಿಗೆ ಸ್ಕೀ. ಹಿಮದ ಮೇಲೆ ನಾಲ್ಕು ತಿರುವು ಜಾರುತ್ತಾನೆ, ಬಂಡೆ ಬಂದರೆ ಮೇಲಿಂದ ಹಾರಿ ದಾಟುತ್ತಾನೆ, ಮತ್ತೆ ಹಿಮ ಮುಟ್ಟುತ್ತಾನೆ. ಸ್ಪೀಡ್ ರೈಡಿಂಗ್ ಅನ್ನುತ್ತಾರೆ. ನೋಡಲು ಎಷ್ಟು ಚೆಂದವೋ ಅಷ್ಟೇ ಭಯ.

ಅದೇ ಮ್ಯೂರೆನ್‌ನಲ್ಲಿ ಇನ್ಫರ್ನೋ ರೇಸ್ ನಡೆಯುತ್ತದೆ. 1928ರಲ್ಲಿ 17 ಜನ ಶಿಲ್ಟ್‌ಹಾರ್ನ್ ಶಿಖರಕ್ಕೆ ನಡೆದೇ ಹತ್ತಿ, ಅಲ್ಲಿಂದ ಕಣಿವೆಯ ತಳದವರೆಗೆ ಪೈಪೋಟಿ ಮೇಲೆ ಇಳಿದರು. ಆಗ ಮೇಲಕ್ಕೆ ಕೇಬಲ್ ಕಾರ್ ಇರಲಿಲ್ಲ. ಈಗ 1,850 ಜನ ಸೇರುತ್ತಾರೆ. 12 ಸೆಕೆಂಡಿಗೆ ಒಬ್ಬರಂತೆ ಬಿಡುತ್ತಾರೆ. ಹಿಮ ಸರಿಯಾಗಿದ್ದರೆ ದಾರಿ 15 ಕಿ.ಮೀ. ಹತ್ತಿರ ಹತ್ತಿರ. ಇಲ್ಲಿ ಓಡುವವರಲ್ಲಿ ಹೆಚ್ಚಿನವರು ನಮ್ಮ ನಿಮ್ಮಂಥ ಸಾಮಾನ್ಯ ಜನ. ಗುರಿ ದಾಟಿದ ಒಬ್ಬರು ಹಿಮದ ಮೇಲೆ ಅಂಗಾತ ಮಲಗಿಬಿಟ್ಟರು. ಹೆಂಡತಿ ಬಂದು ಸ್ಕೀ ಬಿಚ್ಚಿ, ಪಕ್ಕದಲ್ಲೇ ಕೂತರು. ಇಬ್ಬರೂ ಬಹಳ ಹೊತ್ತು ಮಾತಾಡಲಿಲ್ಲ.

ನನಗೆ ಸಿಟ್ಟು ಬಂದದ್ದೂ ಇದೆ. ಒಂದು ರಾತ್ರಿ ಜೋರಾಗಿ ಹಿಮ ಬಿತ್ತು. ಬೆಳಗಿನ ಜಾವ ಬೆಟ್ಟದಿಂದ ಧಡ್, ಧಡ್ ಸದ್ದು. ಸ್ಫೋಟಕ ಸಿಡಿಸಿ ಹಿಮಕುಸಿತವನ್ನು ಮೊದಲೇ ಬೀಳಿಸುತ್ತಾರೆ, ಜನ ಬರುವ ಮುಂಚೆ. ಅಂದು ಅಪಾಯದ ಮಟ್ಟ ಐದರಲ್ಲಿ ಮೂರು ಅಂತ ಬೋರ್ಡ್ ಇತ್ತು. ಆದರೂ ಮೂವರು ಹುಡುಗರು ಹಗ್ಗದ ಕೆಳಗೆ ನುಸುಳಿ ಮುಚ್ಚಿದ ಇಳಿಜಾರಿಗೆ ಹೋದರು. ಬೆನ್ನಿಗೆ ಚೀಲವೂ ಇರಲಿಲ್ಲ. ಅಂದರೆ ಸಲಿಕೆ ಇಲ್ಲ, ಹಿಮದಲ್ಲಿ ಚುಚ್ಚಿ ಹುಡುಕುವ ಕೋಲಿಲ್ಲ. ಹಿಮದಡಿ ಹೂತವರಿಗೆ ಮೊದಲ 10–15 ನಿಮಿಷವೇ ಜೀವ. ಅಷ್ಟರಲ್ಲಿ ತೆಗೆಯಬೇಕಾದವರು ಪಕ್ಕದಲ್ಲಿರುವ ಗೆಳೆಯರೇ. ಆ ಮೂವರು ಏನೂ ಆಗದೆ ಕೆಳಗೆ ಮುಟ್ಟಿ ಕೇಕೆ ಹಾಕಿದರು. ನನಗೆ ಅದು ಧೈರ್ಯ ಅನ್ನಿಸಲಿಲ್ಲ. ನಾಯಿತಲೆಯಿಂದ ಹಾರಿದ ಹುಡುಗನಿಗೆ ಆ ಇಳಿಜಾರಿನ ಒಂದೊಂದು ಅಡಿಯೂ ಗೊತ್ತಿತ್ತು.

ಇನ್ನು ಮೆನ್ಲಿಖೆನ್ ಬೆಟ್ಟದ ವಿಷಯ. ನಾನು ಬರೆಯಬೇಕು ಅಂತ ಕೂತಿದ್ದೇ ಇದಕ್ಕೆ.

ಅಲ್ಲಿನ ನೀಲಿ ಇಳಿಜಾರುಗಳು ಅಗಲ, ನನ್ನಂಥವರಿಗೆ ಹೇಳಿ ಮಾಡಿಸಿದಂತಿವೆ. ಚೇರ್‌ಲಿಫ್ಟ್ ಹತ್ತಿರ ಒಬ್ಬರು ಕೂತುಕೊಂಡೇ ಸ್ಕೀ ಮಾಡುತ್ತಿದ್ದರು. ಒಂದು ಬಕೆಟ್‌ನಂಥ ಸೀಟು, ಅದರ ಕೆಳಗೆ ಸ್ಪ್ರಿಂಗು, ಅದರ ಕೆಳಗೆ ಒಂದೇ ಸ್ಕೀ. ಕೈಯಲ್ಲಿ ತುದಿಗೆ ಪುಟ್ಟ ಸ್ಕೀ ಇರುವ ಊರುಗೋಲುಗಳು. ಲಿಫ್ಟಿನವರು ವೇಗ ತಗ್ಗಿಸಿದರು, ಇವರು ಕೈಯಿಂದಲೇ ಒತ್ತಿ ಮೇಲೆದ್ದು ಕುರ್ಚಿಗೆ ಏರಿದರು. ನೋಡಿ ಬೆರಗಾಗಿ ನಿಂತಿದ್ದೆ. ಅಷ್ಟರಲ್ಲಿ ಹಿಂದಿನಿಂದ ದನಿ ಕೇಳಿಸಿತು.

"ಲಿಂಕ್ಸ್... ಲಿಂಕ್ಸ್... ಉಂಡ್ ರೆಖ್ಟ್ಸ್..."

ಎಡ, ಎಡ, ಈಗ ಬಲ. ಕಿತ್ತಳೆ ವೆಸ್ಟ್ ಹಾಕಿದ ಹೆಂಗಸು ಇಳಿದು ಬರುತ್ತಿದ್ದರು. ಹಿಂದೆ ಅದೇ ಬಣ್ಣದ ವೆಸ್ಟ್ ಹಾಕಿದ ಗಂಡಸು, ಬಾಯ ಹತ್ತಿರ ಮೈಕು. ಅವರು ಹೇಳುತ್ತಾರೆ, ಇವರು ತಿರುಗುತ್ತಾರೆ. ದನಿ ಉದ್ದವಾದರೆ ತಿರುವೂ ಉದ್ದ, ದನಿ ಚಿಕ್ಕದಾದರೆ ತಿರುವೂ ಚಿಕ್ಕದು. ಆಕೆಗೆ ಕಣ್ಣು ಒಂಚೂರೂ ಕಾಣುವುದಿಲ್ಲ ಅಂತ ಆಮೇಲೆ ಗೊತ್ತಾಯಿತು. ತಿರುವುಗಳು ನನ್ನವುಗಳಿಗಿಂತ ಎಷ್ಟೋ ನಯವಾಗಿದ್ದವು.

ಲಿಫ್ಟಿನಲ್ಲಿ ನಾವು ನಾಲ್ವರೂ ಒಂದೇ ಕುರ್ಚಿಯಲ್ಲಿ ಕೂತೆವು. ನಾನು ತಡೆಯಲಾರದೆ ಕೇಳಿದೆ, "ನಿಮಗೆ ಭಯ ಆಗಲ್ವಾ?"

"ಇವರು ಸುಮ್ಮನಾದರೆ ಭಯ" ಅಂದರು ಆಕೆ, ಪಕ್ಕದವರ ತೋಳು ತಟ್ಟಿ. ಆಮೇಲೆ ಕಾಲಿನಿಂದ ಹಿಮ ಹೇಗೆ ತಿಳಿಯುತ್ತದೆ ಅಂತ ಹೇಳಿದರು. ಐಸ್ ಆದರೆ ಸ್ಕೀ ಕರಕರ ಅನ್ನುತ್ತದೆ. ಹೊಸ ಹಿಮವಾದರೆ ಸದ್ದೇ ಇಲ್ಲ, ಪಾದಕ್ಕೆ ಮಾತ್ರ ಗೊತ್ತಾಗುತ್ತದೆ. ಬಿಸಿಲಿಗೆ ಕರಗಿದ್ದಾದರೆ ಹಿಡಿದು ಎಳೆಯುತ್ತದೆ. "ಮಂಜು ಕವಿದ ದಿನ ನೀವೆಲ್ಲ ನಿಂತುಬಿಡ್ತೀರಿ. ನನಗೆ ಅವತ್ತೂ ಇವತ್ತಿನ ಹಾಗೇ" ಅಂದರು.

ಮೇಲೆ ಇಳಿದ ಕೂಡಲೇ ಮೈಕ್ ಸರಿಮಾಡಿಕೊಂಡು ಇಬ್ಬರೂ ಹೊರಟರು. ದನಿ ದೂರವಾಗುವವರೆಗೂ ನಾವು ನಿಂತು ಕೇಳಿದೆವು.

ಕೊನೆಯ ಹಿಂದಿನ ದಿನ ಮಂಜು ಬಂತು. ಮಧ್ಯಾಹ್ನ ಅರ್ಧ ದಾರಿಯಲ್ಲಿದ್ದಾಗ ನೆಲ, ಆಕಾಶ, ಗಾಳಿ ಎಲ್ಲ ಒಂದೇ ಬಿಳಿ. ನಿಂತಿದ್ದೇನೋ ಜಾರುತ್ತಿದ್ದೇನೋ ತಿಳಿಯದೆ ಹೊಟ್ಟೆ ತೊಳಸಿದಂತಾಯಿತು. ಇಳಿಜಾರಿನ ಅಂಚಿಗೆ ನೆಟ್ಟ ಕೋಲುಗಳು ಒಂದೊಂದಾಗಿ ಮಾತ್ರ ಕಾಣುತ್ತಿದ್ದವು. ತಮ್ಮ ಮುಂದಿನ ಕೋಲಿನವರೆಗೆ ಮೆಲ್ಲಗೆ ಹೋಗಿ ನಿಂತ. ಅವನೂ ಮಂಜಿನಲ್ಲಿ ಕರಗಿಹೋದ.

"ಅಕ್ಕಾ, ನಾನು ಇಲ್ಲಿದೀನಿ. ನನ್ನ ದನಿ ಕಡೆ ಬಾ. ಎಡಕ್ಕೆ... ಇನ್ನೂ ಎಡಕ್ಕೆ..."

ನಾನು ಕಾಲಿನ ಮೇಲೆ ಗಮನ ಇಟ್ಟೆ. ಕರಕರ ಅಂದಿತು. ಐಸ್. ಸ್ಕೀ ತುದಿಗಳನ್ನು ಹತ್ತಿರ ತಂದೆ. ಆಮೇಲೆ ಸದ್ದು ನಿಂತಿತು, ಪಾದದಡಿ ಮೆತ್ತಗಾಯಿತು.

"ಹಾಂ, ಈಗ ಬಲಕ್ಕೆ" ಅಂದ ತಮ್ಮ, ತೀರಾ ಹತ್ತಿರದಿಂದ.