ಹಳೇ ಮಷೀನು, ಇಷ್ಟೇ ಹಿಡಿಯೋದು

"ಹಳೇ ಮಷೀನು ಮೇಡಂ, ಇಷ್ಟೇ ಹಿಡಿಯೋದು."

ಮಂಗಳವಾರ ಚಿಕ್ಕಮಗಳೂರಿನ ಕಂಪ್ಯೂಟರ್ ಅಂಗಡಿಯೊಂದರಲ್ಲಿ ಕೇಳಿದ ಮಾತು. ಇವತ್ತು ಶನಿವಾರ, ಇನ್ನೂ ಕಿವಿಯಿಂದ ಇಳಿದಿಲ್ಲ. ಆತ ಅದನ್ನು ಹೇಳುವಾಗ ಮೊಬೈಲಿನಿಂದ ತಲೆ ಎತ್ತಲಿಲ್ಲ, ಅದೇ ಹೆಚ್ಚು ಚುಚ್ಚಿದ್ದು.

ನಮ್ಮ ಡೆಸ್ಕ್‌ಟಾಪ್ 2010ರದ್ದು. 320 ಜಿಬಿ ಡಿಸ್ಕ್ ತುಂಬಿ ಕೆಂಪು ಪಟ್ಟಿ ಬಂದು ಎರಡು ವರ್ಷವಾಯಿತು. ಒಳಗಿರುವುದು ಬರೀ ಮದುವೆ, ನಾಮಕರಣದ ಫೋಟೋಗಳಲ್ಲ. ಅಪ್ಪನ ಮಳೆ ಪುಸ್ತಕಗಳ ಒಂದೊಂದು ಪುಟದ ಫೋಟೋ ಅದರಲ್ಲಿದೆ. ಆಲ್ದೂರಿನ ನಮ್ಮ ಮನೆಯಂಗಳದ ಮಳೆಮಾಪಕ ನೋಡಿ ಅಪ್ಪ ದಿನಾ ಬೆಳಗ್ಗೆ ಬರೆಯುತ್ತಿದ್ದರು. 1974ರಿಂದ ತೀರಿಕೊಳ್ಳುವ ಹಿಂದಿನ ವಾರದವರೆಗೆ, ಎಲ್ಲಾ ಇಂಚು–ಸೆಂಟಿನ (ಇಂಚಿಗೆ ನೂರು ಸೆಂಟು) ಲೆಕ್ಕದಲ್ಲೇ. ಕಾಫಿ ಗಿಡದಲ್ಲಿ ಹೂ ಅರಳಿಸುವ ಹೂಮಳೆ ಬಿದ್ದ ದಿನಕ್ಕೆ ಕೆಂಪು ಶಾಯಿಯ ಗೆರೆ. ಅದು ಸಾಕಾಗುವಷ್ಟು ಬೀಳದಿದ್ದರೆ, ಬಿದ್ದು ಎರಡು ಮೂರು ವಾರಕ್ಕೆ ಇನ್ನೊಂದು ಹದಮಳೆ ಬರದಿದ್ದರೆ, ಆ ವರ್ಷದ ಕಾಫಿ ಫಸಲು ಏನಾಗುತ್ತದೆಂದು ತೋಟದವರಿಗೆ ಹೇಳಬೇಕಿಲ್ಲ. ಪುಸ್ತಕಗಳಿಗೆ ಈಗ ಬೂಸ್ಟು ಹಿಡಿದಿದೆ. ಫೋಟೋಗಳನ್ನು ಕಳಕೊಂಡರೆ ಅಪ್ಪನ ಕೈಬರಹವೇ ಹೋದಂತೆ.

ಹಾಗಾಗಿ 4 ಟಿಬಿ ಡಿಸ್ಕ್ ತರಿಸಿ, ಸಿಪಿಯು ಡಬ್ಬವನ್ನು ಹಳೆ ದುಪ್ಪಟಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಪೇಟೆಗೆ ಹೋದೆ. ಹಾಕಿ ತೋರಿಸಿದಾಗ ಪರದೆಯಲ್ಲಿ 2048 ಜಿಬಿ ಮಾತ್ರ. ಪಕ್ಕದಲ್ಲಿ ಕಪ್ಪು ಪಟ್ಟಿಯ ಕೆಳಗೆ 1678 ಜಿಬಿ, 'ಅನ್‌ಅಲೊಕೇಟೆಡ್' ಅಂತ, ಅಂದರೆ ಬಳಕೆಗೆ ಸಿಗದೆ ಉಳಿದ ಜಾಗ. ಇದ್ಯಾಕೆ ಹೀಗೆ ಅಂತ ಕೇಳಿದ್ದಕ್ಕೆ ಆ ಮಾತು. ಹಿಂದೆಯೇ, "ಹೊಸದು ತಗೊಳ್ಳಿ, ಇದನ್ನ ಎಕ್ಸ್‌ಚೇಂಜಿಗೆ ಹಾಕ್ಕೊಳ್ಳೋಣ." ಕೂಲಿ ಕೊಟ್ಟು ಹೊರಬಂದೆ.

ಅದರ ಹಿಂದಿನ ದಿನವಷ್ಟೇ ಅಮ್ಮನ ಮಂಡಿನೋವಿಗೆ ಅಂತ ಡಾಕ್ಟರ ಹತ್ತಿರ ಹೋಗಿದ್ದೆವು. ಎರಡು ಗಂಟೆ ಕಾದ ಮೇಲೆ ಒಳಗೆ ಕರೆದರು. "ವಯಸ್ಸಾಯ್ತಲ್ಲ ಅಜ್ಜಿ, ಇನ್ನೇನು?" ಅಂದರು. ಮಂಡಿ ಮುಟ್ಟಿ ನೋಡಲಿಲ್ಲ, ಮಡಚಿ ಅನ್ನಲಿಲ್ಲ. ಅಮ್ಮ ಸೀರೆಯ ನೆರಿಗೆ ಸ್ವಲ್ಪ ಎತ್ತಿ ಬಾವು ತೋರಿಸಲು ಹೊರಟವಳು ಹಾಗೇ ಕೆಳಗೆ ಬಿಟ್ಟಳು. ಅಂಗಡಿಯಿಂದ ವಾಪಸ್ ಬರುವ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅಮ್ಮನ ಆ ಕೈಯೇ ಕಣ್ಣ ಮುಂದಿತ್ತು.

ರಾತ್ರಿ ಅಕ್ಕನ ಮಗನಿಗೆ ಫೋನು ಮಾಡಿದೆ. ಡಿಪ್ಲೊಮಾ ಓದುತ್ತಿದ್ದಾನೆ, ಮಾತು ಕಡಿಮೆ, ಕೇಳಿಸಿಕೊಳ್ಳುವುದು ಜಾಸ್ತಿ. ನನಗೆ ಅವನ ಆ ಗುಣ ಇಷ್ಟ. ಎರಡೇ ಪ್ರಶ್ನೆ ಕೇಳಿದ. ಆಮೇಲೆ, "ಚಿಕ್ಕಮ್ಮ, ಮಷೀನಿಗೆ ಏನೂ ಆಗಿಲ್ಲ. ಅವ್ರು ಡಿಸ್ಕನ್ನ ಎಂಬಿಆರ್‌ನಲ್ಲಿ ಹಾಕಿದ್ದಾರೆ, ಅಷ್ಟೇ" ಅಂದ.

ಅವನು ಬಿಡಿಸಿ ಹೇಳಿದ್ದು ಇಷ್ಟು. ಡಿಸ್ಕ್ ಅಂದರೆ 512 ಬೈಟಿನ ಚಿಕ್ಕ ಚಿಕ್ಕ ಗೂಡುಗಳು. ಪ್ರತಿ ಗೂಡಿಗೂ ನಂಬರು ಬೇಕು. ಎಂಬಿಆರ್ ಅನ್ನುವ ಪದ್ಧತಿಯಲ್ಲಿ ಆ ನಂಬರಿಗೆ 32 ಬಿಟ್ ಜಾಗ ಮಾತ್ರ, ಸುಮಾರು 429 ಕೋಟಿ ಗೂಡಿಗೆ ಲೆಕ್ಕ ಮುಗಿಯುತ್ತದೆ. ಕಂಪ್ಯೂಟರಿನ 1024ರ ಲೆಕ್ಕದಲ್ಲಿ ಗುಣಿಸಿದರೆ ಸರಿಯಾಗಿ ಆ 2048 ಜಿಬಿ. ಆಚೆಗಿನ ಗೂಡುಗಳಿಗೆ ನಂಬರೇ ಇಲ್ಲ. ಹೊಸ ಪದ್ಧತಿಯಾದ ಜಿಪಿಟಿಯಲ್ಲಿ 64 ಬಿಟ್, ಅಲ್ಲಿ ಈ ತೊಂದರೆ ಬಾರದು. ಎಂಬಿಆರ್ ಲೆಕ್ಕ 1983ರದ್ದಂತೆ. ಅಂದರೆ ಹಳೆಯದಾಗಿದ್ದದ್ದು ನನ್ನ ಮಷೀನಲ್ಲ, ಅಂಗಡಿಯಾತ ಅದಕ್ಕೆ ಹಾಕಿಕೊಟ್ಟ ಲೆಕ್ಕ!

"ವಿಂಡೋಸ್ ಹಳೇ ಡಿಸ್ಕಲ್ಲೇ ಇರ್ಲಿ," ಅಂದ. "ಅಷ್ಟು ಹಿಂದಿನ ಬಯೋಸು, ಅಂದ್ರೆ ಮಷೀನನ್ನ ಶುರು ಮಾಡೋ ಪ್ರೋಗ್ರಾಮು, ಜಿಪಿಟಿ ಡಿಸ್ಕಿಂದ ವಿಂಡೋಸ್ ಎಬ್ಬಿಸಲ್ಲ. ಫೋಟೋ ಇಡೋಕೆ ಏನೂ ಅಡ್ಡಿಯಿಲ್ಲ."

ಮೊದಲು ಡಬ್ಬದ ಬದಿ ಬಿಚ್ಚಿ ನೋಡಿದೆ. ನಾಲ್ಕು ತೂತಿನಲ್ಲಿ ಒಂದಕ್ಕೆ ಮಾತ್ರ ಸ್ಕ್ರೂ. ಹೊಸ ಡಿಸ್ಕ್ ಒಂದು ಮಗ್ಗುಲಿಗೆ ವಾಲಿಕೊಂಡಿತ್ತು. ಫ್ಯಾನಿನ ಪಕ್ಕದ ಮೂಲೆಯಲ್ಲಿ ಕುಂಬಾರ ಹುಳ ಕಟ್ಟಿದ ಮಣ್ಣಿನ ಗೂಡು, ಹೆಬ್ಬೆರಳಷ್ಟು ದಪ್ಪದ್ದು, ಹಾಗೇ ಇತ್ತು. ಒಳಗೆ ಕೈಹಾಕಿ ಕೆಲಸ ಮಾಡಿದ ಮನುಷ್ಯನಿಗೆ ಅದು ಕಾಣಲಿಲ್ಲವೆಂದರೆ ನಾನು ನಂಬುವುದಿಲ್ಲ. ಕಂಡರೂ ತೆಗೆಯುವಷ್ಟು ಬೆಲೆಯ ವಸ್ತು ಇದಲ್ಲ ಅಂತ ಮೊದಲೇ ತೀರ್ಮಾನಿಸಿದ್ದ. ಗೂಡನ್ನು ಸ್ಪೂನಿನ ಹಿಡಿಯಿಂದ ಬಿಡಿಸಿ, ಉಳಿದ ಮೂರು ಸ್ಕ್ರೂ ಬಿಗಿದೆ.

ಆಮೇಲಿನದು ಅರ್ಧ ನಿಮಿಷದ ಕೆಲಸ. ಡಿಸ್ಕಿನಲ್ಲಿ ಇನ್ನೂ ಏನೂ ತುಂಬಿರಲಿಲ್ಲವಲ್ಲ, ಇದ್ದ ಭಾಗ ಅಳಿಸಿ, ಬಲ ಕ್ಲಿಕ್ ಮಾಡಿ, ಜಿಪಿಟಿಗೆ ಬದಲಿಸಿದೆ. 3726 ಜಿಬಿ, ಒಂದೇ ಪಟ್ಟಿ. ಕಣ್ಣು ತುಂಬಿಬಂತು. ಡಿಸ್ಕಿಗಾಗಿ ಅಳುವ ಹೆಂಗಸು ನಾನಲ್ಲ. ಆದರೆ ನಾಲ್ಕು ಮಾತು ಕೇಳುವ ತಾಳ್ಮೆ ಇದ್ದಿದ್ದರೆ ಮುಗಿಯುವ ವಿಷಯಕ್ಕೆ 'ಹಳೇದು' ಅನ್ನುವ ಮುದ್ರೆ ಎಷ್ಟು ಸಲೀಸಾಗಿ ಬೀಳುತ್ತದೆ! ಬರಡಾದ ಗಿಡ ಅಂತ ಕಿತ್ತೆಸೆಯಲು ಹೊರಟಿದ್ದ ಕಾಫಿ ಪಟ್ಟೆಯೊಂದನ್ನು ಅಪ್ಪ ಬುಡ ಬಿಡಿಸಿ, ಬೇಡದ ರೆಂಬೆ ಸವರಿ, ನೆರಳು ತೆಳುವು ಮಾಡಿ ಮತ್ತೆ ಫಸಲಿಗೆ ತಂದದ್ದು ನೆನಪಾಯಿತು. ಕೀಳುವ ಮುಂಚೆ ಅವರು ಪ್ರತಿ ಗಿಡದ ಮುಂದೆ ನಿಂತು ನೋಡಿದ್ದರು.

ಫೋಟೋಗಳೆಲ್ಲ ಹೊಸ ಡಿಸ್ಕಿಗೆ ಬಂದಿವೆ, ಹಳೆಯದರಿಂದ ಯಾವುದನ್ನೂ ಅಳಿಸಿಲ್ಲ. ಅಕ್ಕನ ಮನೆಗೂ ಒಂದು ಪ್ರತಿ ಹೋಗಬೇಕು. ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು 1974ರ ಮೊದಲ ಪುಟ ದೊಡ್ಡದು ಮಾಡಿ ತೋರಿಸಿದೆ. ಬೆರಳಿಟ್ಟು ಓದಿದಳು. ಮಂಡಿ ನೀವಿಕೊಳ್ಳುತ್ತಲೇ ಇದ್ದಳು.

ಸೋಮವಾರ ಬೇರೆ ಡಾಕ್ಟರ ಹತ್ತಿರ ಟೋಕನ್ ತೆಗೆಸಿದ್ದೇನೆ. ಏಳೂವರೆ ಬಸ್ಸಿಗೆ ಹೊರಡಬೇಕು.